ಟ್ಯಾಂಕ್ 40, 45, 52 ಲೀಟರ್: ಬೆಳಗಾವಿಯಿಂದ ಮೂರು ಹೈಬ್ರಿಡ್ ಕಾರು ಓಡಿಸಿ ನೋಡಿದ ಲೆಕ್ಕ

ಹೈಬ್ರಿಡ್ ಕಾರು, ಅಂದರೆ ಪೆಟ್ರೋಲ್ ಎಂಜಿನ್ ಜೊತೆ ಬ್ಯಾಟರಿ, ಮೋಟಾರ್ ಕೂಡ ಇರುವ ಕಾರು ತಗೊಳ್ಳಲು ಹೊರಟವರು ಮೊದಲು ಮೈಲೇಜ್ ಕೇಳುತ್ತಾರೆ. ಆಮೇಲೆ, ಫುಲ್ ಟ್ಯಾಂಕ್ ಹಾಕಿಸಿದರೆ ಎಲ್ಲಿವರೆಗೆ ಹೋಗಬಹುದು ಅಂತ ಕೇಳುತ್ತಾರೆ. ಈ ಎರಡನೇ ಪ್ರಶ್ನೆಗೆ ಟ್ಯಾಂಕಿನ ಲೀಟರ್ ನೋಡಿ ಉತ್ತರ ಹೇಳಲು ಆಗುವುದಿಲ್ಲ. ನಮ್ಮ ಮನೆಯಲ್ಲಿ ಗ್ರ್ಯಾಂಡ್ ವಿಟಾರಾ ಹೈಬ್ರಿಡ್ ಇದೆ, ವಿಜಯಪುರದಲ್ಲಿರುವ ಭಾವನ ಹತ್ತಿರ ಹೋಂಡಾ ಸಿಟಿ ಹೈಬ್ರಿಡ್, ಕಾಕಾನ ಮನೆಯಲ್ಲಿ ಇನ್ನೋವಾ ಹೈಕ್ರಾಸ್. ಮೂರನ್ನೂ ಅದೇ ದಾರಿಗಳಲ್ಲಿ ಓಡಿಸಿದ್ದೇನೆ. ಪ್ರತಿ ಸಲ ಅದೇ ಪಂಪಿನಲ್ಲಿ ಆಟೋ ಕಟ್ ಆಗುವವರೆಗೆ ತುಂಬಿಸಿ, ಓಡಿದ ಕಿಲೋಮೀಟರನ್ನು ಹಾಕಿದ ಲೀಟರಿನಿಂದ ಭಾಗಿಸಿ ಲೆಕ್ಕ ಹಿಡಿದಿದ್ದೇನೆ. ಡ್ಯಾಶ್‌ಬೋರ್ಡಿನ ಮೀಟರ್ ನಂಬಿಲ್ಲ, ಮೂರರಲ್ಲೂ ಅದು ಸ್ವಲ್ಪ ಜಾಸ್ತಿಯೇ ತೋರಿಸುತ್ತದೆ.

ಮೊದಲು ಕಾಗದದ ಮೇಲಿನ ಲೆಕ್ಕ. ಸಿಟಿಯ ಟ್ಯಾಂಕ್ 40 ಲೀಟರ್, 2022ರಲ್ಲಿ ಬಂದಾಗ ಕಂಪನಿ ಹೇಳಿದ ಮೈಲೇಜ್ ಲೀಟರಿಗೆ 26.5 ಕಿ.ಮೀ. ಗ್ರ್ಯಾಂಡ್ ವಿಟಾರಾ 45 ಲೀಟರ್, 27.97. ಅದರ ಜೋಡಿ ಕಾರು ಟೊಯೋಟಾ ಹೈರೈಡರ್‌ಗೂ ಇದೇ ಟ್ಯಾಂಕ್, ಇದೇ ಎಂಜಿನ್. ಹೈಕ್ರಾಸ್ 52 ಲೀಟರ್, 23.24. ಗುಣಿಸಿ ನೋಡಿ, ಮೂರೂ ಸಾವಿರ ಕಿ.ಮೀ. ದಾಟುತ್ತವೆ. ವಿಟಾರಾ ಅಂತೂ 1,258! ಈ ಲೆಕ್ಕ ಇಟ್ಟುಕೊಂಡು ಬೆಳಗಾವಿಯಿಂದ ಬೆಂಗಳೂರಿಗೆ ಹೋಗಿ ಬಂದೇ ಪೆಟ್ರೋಲ್ ಹಾಕಿಸುತ್ತೇನೆ ಅಂದುಕೊಂಡರೆ ವಾಪಸ್ ಬರುವಾಗ ಬೆಳಗಾವಿ ಮುಟ್ಟುವ ಮೊದಲೇ ಟ್ಯಾಂಕ್ ಖಾಲಿ.

ಈಗ ನಮ್ಮ ದಾರಿಗೆ ಬನ್ನಿ. ಬೆಳಗಾವಿಯಿಂದ ನೇಸರಗಿ, ಯರಗಟ್ಟಿ, ಲೋಕಾಪುರ, ಮುಧೋಳ, ಜಮಖಂಡಿ, ಬಬಲೇಶ್ವರ, ವಿಜಯಪುರ. ಹೋಗಿ ಬಂದರೆ 400 ಕಿ.ಮೀ. ಆಸುಪಾಸು. ಕಬ್ಬಿನ ಸೀಸನ್ನಿನಲ್ಲಿ ಈ ರಸ್ತೆಯಲ್ಲಿ ಹೋದವರಿಗೆ ಗೊತ್ತು, ಎರಡೆರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರ್, ಊರಿಗೆ ಎರಡು ಮೂರು ಹಂಪ್, ಸ್ಪೀಡ್ 50 ದಾಟಿದರೆ ದೊಡ್ಡದು. ಸಾದಾ ಪೆಟ್ರೋಲ್ ಕಾರಿಗೆ ಇದು ಕಷ್ಟದ ದಾರಿ. ಹೈಬ್ರಿಡ್‌ಗೆ ಇದೇ ಹಬ್ಬ. ಹಂಪ್ ಕಂಡ ಕೂಡಲೇ ಕಾಲು ತೆಗೆಯಿರಿ, ಮೀಟರಿನ ಮುಳ್ಳು ಚಾರ್ಜ್ ಕಡೆ ಬೀಳುತ್ತದೆ. ಬ್ರೇಕಿನಲ್ಲಿ ಸುಮ್ನೆ ಹೋಗಬೇಕಿದ್ದ ಶಕ್ತಿ ಬ್ಯಾಟರಿಗೆ ಸೇರುತ್ತದೆ. ಹಂಪ್ ದಾಟಿದ ಮೇಲೆ ಹಸಿರು ಇವಿ ದೀಪ ಹತ್ತುತ್ತದೆ, ಎಂಜಿನ್ ಬಂದ್ ಇದ್ದ ಹಾಗೆಯೇ ಮೋಟಾರ್ ಕಾರನ್ನು ಮುಂದೆ ತಳ್ಳುತ್ತದೆ. ಟ್ರ್ಯಾಕ್ಟರ್ ಹಿಂದೆ ನಿಧಾನಕ್ಕೆ ಹೋಗುವಾಗಲೂ ಅಷ್ಟೇ.

ಈ ದಾರಿಯಲ್ಲಿ ವಿಟಾರಾ ಮತ್ತು ಸಿಟಿ ಎರಡೂ ಲೀಟರಿಗೆ 24ರ ಹತ್ತಿರ ಕೊಟ್ಟವು. ಹೈಕ್ರಾಸ್ 18. ಅದು ಎರಡು ಲೀಟರ್ ಎಂಜಿನ್ನಿನ ದೊಡ್ಡ ಗಾಡಿ, ಮನೆ ಮಂದಿಯೆಲ್ಲ ಕೂತಿರುತ್ತಾರೆ, ಹಾಗಾಗಿ 18 ಅಂದರೆ ನನ್ನ ಪ್ರಕಾರ ಬಹಳ ಒಳ್ಳೆಯದೇ. ಟ್ಯಾಂಕನ್ನು ತಳದವರೆಗೆ ಯಾರೂ ಖಾಲಿ ಮಾಡುವುದಿಲ್ಲ, ಮಾಡಲೂಬಾರದು. ಐದು ಲೀಟರ್ ಬಿಟ್ಟು ಲೆಕ್ಕ ಹಾಕಿದರೆ ವಿಟಾರಾಕ್ಕೆ 960 ಕಿ.ಮೀ., ಸಿಟಿಗೆ 840, ಹೈಕ್ರಾಸ್‌ಗೆ 846. ಅಂದರೆ ವಿಟಾರಾದಲ್ಲಿ ವಿಜಯಪುರಕ್ಕೆ ಎರಡು ಸಲ ಹೋಗಿ ಬಂದರೂ ಮನಸ್ಸಿಗೆ ನೆಮ್ಮದಿ. ಸಿಟಿಯಲ್ಲಿ ಎರಡನೇ ಸಲ ಬರುವಾಗ ಯರಗಟ್ಟಿಯಿಂದಲೇ ಮುಳ್ಳಿನ ಮೇಲೆ ಕಣ್ಣು ಇಡಬೇಕು.

ಬೆಂಗಳೂರು ಹೈವೇ ಹಿಡಿದರೆ ಚಿತ್ರವೇ ಬೇರೆ. ಹಿರೇಬಾಗೇವಾಡಿ ದಾಟಿ 100-110ರಲ್ಲಿ ಓಡಿಸುತ್ತಾ ಹೋದರೆ ಬ್ರೇಕ್ ಹಿಡಿಯುವುದೇ ಕಡಿಮೆ, ಬ್ಯಾಟರಿಗೆ ಬರುವುದೂ ಕಡಿಮೆ. ಎಂಜಿನ್ ಹೆಚ್ಚು ಹೊತ್ತು ದುಡಿಯಬೇಕು, ಎತ್ತರದ ಗಾಡಿ ಗಾಳಿಯನ್ನು ತಳ್ಳಲು ಜಾಸ್ತಿ ಪೆಟ್ರೋಲ್ ಕುಡಿಯುತ್ತದೆ. ವಿಟಾರಾ 24ರಿಂದ 20ಕ್ಕೆ ಇಳಿಯಿತು, ಹೈಕ್ರಾಸ್ 16ಕ್ಕೆ. ಸಿಟಿ ಮಾತ್ರ 21.5ರಲ್ಲಿ ನಿಂತಿತು. ಅದು ಮೊದಲೇ ಎತ್ತರ ಕಡಿಮೆ ಇರುವ ಸೆಡಾನ್, ಗಾಳಿಗೆ ಸಲೀಸು. ಜೊತೆಗೆ ಹೋಂಡಾದ ವ್ಯವಸ್ಥೆಯಲ್ಲಿ ನಿಧಾನ ಇದ್ದಾಗ ಎಂಜಿನ್ ಕರೆಂಟ್ ತಯಾರಿಸಿ ಮೋಟಾರಿಗೆ ಕೊಡುತ್ತದೆ, ಹೈವೇ ಸ್ಪೀಡಿನಲ್ಲಿ ಕ್ಲಚ್ ಕೂಡಿಕೊಂಡು ಎಂಜಿನ್ನೇ ನೇರವಾಗಿ ಚಕ್ರ ತಿರುಗಿಸುತ್ತದೆ. ವಿಟಾರಾ, ಹೈಕ್ರಾಸ್ ಎರಡರಲ್ಲೂ ಇರುವ ಟೊಯೋಟಾದ ವ್ಯವಸ್ಥೆಯಲ್ಲಿ ಎಂಜಿನ್ ಮತ್ತು ಮೋಟಾರಿನ ಶಕ್ತಿ ಯಾವಾಗಲೂ ಒಂದೇ ಗೇರ್ ಸೆಟ್ಟಿನ ಮೂಲಕ ಹಂಚಿಕೆಯಾಗುತ್ತದೆ. ಹಂಪ್ ರಸ್ತೆಯಲ್ಲಿ ಅದು ಎಷ್ಟು ನಯವಾಗಿ ಕೆಲಸ ಮಾಡುತ್ತದೆ ಅಂದರೆ ಎಂಜಿನ್ ಯಾವಾಗ ಹತ್ತಿತು, ಯಾವಾಗ ಆರಿತು ಅಂತ ಹಿಂದೆ ಕೂತವರಿಗೆ ತಿಳಿಯುವುದೇ ಇಲ್ಲ.

ಹೈವೇಯಲ್ಲಿ ಅದೇ ಐದು ಲೀಟರ್ ಬಿಟ್ಟರೆ ವಿಟಾರಾ 800, ಸಿಟಿ ಮತ್ತು ಹೈಕ್ರಾಸ್ ಎರಡೂ 750ರ ಆಜುಬಾಜು. ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಇದೇ ಲೆಕ್ಕ. 12 ಲೀಟರ್ ದೊಡ್ಡ ಟ್ಯಾಂಕ್ ಇದ್ದರೂ ಹೈಕ್ರಾಸ್ ಸಿಟಿಗಿಂತ ಮುಂದೆ ಹೋಗಲಿಲ್ಲ, ಅಷ್ಟೇ ದೂರಕ್ಕೆ ಸಾವಿರದ ಇನ್ನೂರು ರೂಪಾಯಿಗಿಂತ ಜಾಸ್ತಿ ಪೆಟ್ರೋಲ್ ಹಿಡಿಯಿತು. ಆದರೆ ಏಳು ಜನ ಹೋಗುವ ಮನೆಗೆ ಎರಡು ಕಾರು ತೆಗೆಯುವುದಕ್ಕಿಂತ ಅದೇ ಅಗ್ಗ, ಅಲ್ವಾ?

ದೊಡ್ಡ ಟ್ಯಾಂಕಿನ ನಿಜವಾದ ಲಾಭ ಕಂಡಿದ್ದು ಗೋವಾಕ್ಕೆ ಹೋದಾಗ. ಅಲ್ಲಿ ಪೆಟ್ರೋಲ್ ನಮ್ಮಲ್ಲಿಗಿಂತ ಅಗ್ಗ. ಬರುವಾಗ ಫುಲ್ ಮಾಡಿಸಿಕೊಂಡೇ ಬರುವುದು ಬೆಳಗಾವಿ ಮಂದಿಯ ರೂಢಿ. ಚೋರ್ಲಾ ಘಾಟ್ ಇಳಿಯುವಾಗ ಬ್ಯಾಟರಿ ಬೇಗ ತುಂಬಿಬಿಡುತ್ತದೆ, ಯಾಕಂದರೆ ಇವುಗಳ ಬ್ಯಾಟರಿ ತೀರಾ ಸಣ್ಣದು. ಆಮೇಲೆ ಎಂಜಿನ್ ಜೋರಾಗಿ ಗುಂಯ್ ಅನ್ನುತ್ತದೆ. ಹೆದರಬೇಡಿ, ಅದು ಗಾಡಿಯನ್ನು ಹಿಡಿದು ನಿಲ್ಲಿಸುವ ಸದ್ದು, ಪೆಟ್ರೋಲ್ ಸುಡುವ ಸದ್ದಲ್ಲ. ವಾಪಸ್ ಹತ್ತುವಾಗ ಮೂರೂ ಕಾರಿನ ಮೈಲೇಜ್ ಬೀಳುತ್ತದೆ. ಆಗ ಡ್ಯಾಶ್‌ಬೋರ್ಡಿನಲ್ಲಿ ಉಳಿದ ದೂರ ಸರಸರ ಇಳಿದರೆ ಗಾಬರಿ ಬೇಡ, ಅದು ಈಚಿನ ಮೈಲೇಜ್ ನೋಡಿ ಹೇಳುವ ಅಂದಾಜು ಅಷ್ಟೇ.

ಲಗೇಜಿನ ವಿಷಯ ಒಂದು ಮಾತು. ವಿಟಾರಾ ಹೈಬ್ರಿಡ್‌ನ ಡಿಕ್ಕಿ 265 ಲೀಟರ್, ಸಿಟಿಯದು 306. ಎರಡರಲ್ಲೂ ಬ್ಯಾಟರಿ ಜಾಗ ತಿಂದಿದೆ. ವಿಜಯಪುರದಿಂದ ಜೋಳದ ಚೀಲ ತರುವವರು ಚೀಲ ಹಾಕಿಯೇ ನೋಡಿ ಬುಕ್ ಮಾಡಿ.

ತಮ್ಮ ಈಗ ಕಾರು ನೋಡುತ್ತಿದ್ದಾನೆ, ಮೇಲಿಂದ ಮೇಲೆ ಬೆಂಗಳೂರಿಗೆ ಹೋಗುವವನು. ಅವನಿಗೆ ಸಿಟಿ ತಗೋ ಅಂದಿದ್ದೇನೆ, ಟ್ಯಾಂಕ್ ಸಣ್ಣದಾದರೂ ಪರವಾಗಿಲ್ಲ, ಆ ಹೈವೇಯಲ್ಲಿ ಪಂಪಿಗೆ ಬರವಿಲ್ಲ. ಮುಧೋಳ, ಜಮಖಂಡಿ ಕಡೆ ದಿನಾ ಓಡಾಡುವವರು ಕೇಳಿದರೆ ವಿಟಾರಾ ಅಥವಾ ಹೈರೈಡರ್ ಅನ್ನುತ್ತೇನೆ. ಟೆಸ್ಟ್ ಡ್ರೈವ್ ಕೊಡುವಾಗ ಶೋರೂಮಿನವರು ಹೈವೇ ಕಡೆ ಕರೆದುಕೊಂಡು ಹೋದರೆ, ನೇಸರಗಿ ರಸ್ತೆಗೆ ತಿರುಗಿಸಿ ಅನ್ನಿ.