ಟ್ಯಾಪ್ ಮೀಡ್ ಅಲ್ಲೇ ಕುಡಿಯಿರಿ, ಗಾಜಿನ ಬಾಟಲಿಯಲ್ಲಿ ಮನೆಗೆ ತರಬೇಡಿ

ಮೈಸೂರಿನವರು ದಯವಿಟ್ಟು ಪೂರ್ತಿ ಓದಿ. ನಮ್ಮೂರಲ್ಲಿ ಹೊಸದಾಗಿ ತೆರೆದಿರುವ ಒಂದು ಜಾಗದಲ್ಲಿ ಮೀಡ್ ಅನ್ನುವ ಜೇನಿನ ಮದ್ಯವನ್ನು ಬಿಯರ್ ಥರ ಟ್ಯಾಪ್‌ನಿಂದ ಹಿಡಿದು ಕೊಡುತ್ತಾರೆ. ಕೇಳಿದರೆ ಚೆಂದದ ಗಾಜಿನ ಬಾಟಲಿಗೆ ತುಂಬಿಸಿ, ಕ್ಲಿಪ್ ಹಾಕಿ, ಪಾರ್ಸಲ್ ಕೂಡ ಕೊಡುತ್ತಾರೆ. ಆ ಬಾಟಲಿ ನಮ್ಮ ಅಡುಗೆಮನೆಯಲ್ಲಿ ಒಡೆದು ಚೂರುಚೂರಾಯಿತು. ದೂರು ಕೊಟ್ಟಿದ್ದೇನೆ, ಅದು ಇತ್ಯರ್ಥವಾಗುವ ತನಕ ಜಾಗದ ಹೆಸರು ಹಾಕುವುದಿಲ್ಲ. ಕಾಮೆಂಟಿನಲ್ಲಿ ಕೇಳಬೇಡಿ.

ಮೊದಲೇ ಹೇಳಿಬಿಡುತ್ತೇನೆ, ಮೀಡ್ ಮೇಲೆ ನನಗೆ ಸಿಟ್ಟಿಲ್ಲ. ಜೇನಿಗೆ ನೀರು ಬೆರೆಸಿ, ಯೀಸ್ಟ್ ಹಾಕಿ ಹುದುಗಿಸಿದರೆ ಮೀಡ್. ಅಷ್ಟೇ. ಪುಣೆಯ ಮೂನ್‌ಶೈನ್ ಮೀಡರಿಯವರು 2018ರಿಂದ ಮಾರುತ್ತಿದ್ದಾರೆ, ನಾನು ಕುಡಿದಿದ್ದೇನೆ, ಚೆನ್ನಾಗಿಯೇ ಇತ್ತು. ಹಾಗಾಗಿ ನಮ್ಮೂರಲ್ಲೇ ಮಾಡುತ್ತಾರೆ ಅಂದಾಗ ಮಂಡ್ಯದಿಂದ ಬಂದಿದ್ದ ಭಾವನನ್ನು ಖುಷಿಯಾಗಿ ಕರೆದುಕೊಂಡು ಹೋದೆ.

ಅಲ್ಲಿ ಗ್ಲಾಸ್ ಕೈಗೆ ಬಂದಾಗ ಯಾವ ಅನುಮಾನವೂ ಬರಲಿಲ್ಲ. ಐಸ್‌ನಷ್ಟು ತಣ್ಣಗಿತ್ತು, ಗ್ಯಾಸ್ ಚುರ್ ಅನ್ನುತ್ತಿತ್ತು. ಸ್ವಲ್ಪ ಮಬ್ಬಾಗಿತ್ತು, ಅದು ಹಾಗೇ ಇರಬೇಕು ಸರ್ ಅಂದ ಹುಡುಗ. ಅಷ್ಟು ತಣ್ಣಗಿದ್ದರೆ ನಾಲಿಗೆಗೆ ಸಿಹಿ ಎಷ್ಟಿದೆ ಅಂತ ಗೊತ್ತಾಗುವುದೇ ಇಲ್ಲ. ಗ್ಲಾಸ್ ಅರ್ಧ ಆಗುವಷ್ಟರಲ್ಲಿ ಭಾವ, "ಏನ್ರೀ ಇದು, ಪಾಯಸದ ಥರ ಸಿಹಿ ಆಗ್ತಾ ಇದೆ" ಅಂದರು. ಅವರಿಗೆ ಶುಗರ್ ಇದೆ ಬೇರೆ. ಹುಡುಗ ತಕ್ಷಣ, "ಜೇನು ಅಲ್ವಾ ಸರ್, ಶುಗರ್ ಇರೋರಿಗೆ ಏನೂ ಆಗಲ್ಲ, ಹ್ಯಾಂಗೋವರ್ ಕೂಡ ಇಲ್ಲ" ಅಂದ. ಜೇನು ಕೂಡ ಸಕ್ಕರೆಯೇ ಕಣಪ್ಪ. ಮದ್ಯಕ್ಕೆ ಆರೋಗ್ಯದ ಹೆಸರು ಹೇಳಿ ಮಾರುವ ಹಾಗಿಲ್ಲ ಅಂತ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ನಿಯಮವೇ ಇದೆ.

ಆಲ್ಕೋಹಾಲ್ ಎಷ್ಟು ಪರ್ಸೆಂಟ್ ಅಂತ ಕೇಳಿದೆ. "ಐದೋ ಆರೋ ಇರಬೇಕು, ಕೆಲವು ಬ್ಯಾಚ್ ಹನ್ನೆರಡು ಬರುತ್ತೆ." ಈ ಉತ್ತರ ಸಣ್ಣದಲ್ಲ. ಹನ್ನೆರಡು ಪರ್ಸೆಂಟಿನ ಅರ್ಧ ಲೀಟರ್ ಅಂದರೆ ಹತ್ತಿರ ಹತ್ತಿರ ಎರಡು ದೊಡ್ಡ ಬಾಟಲಿ ಬಿಯರ್‌ಗೆ ಸಮ. ಗಾಡಿ ಓಡಿಸುವವರ 100 ಎಂ.ಎಲ್. ರಕ್ತದಲ್ಲಿ ಆಲ್ಕೋಹಾಲ್ 30 ಮಿಲಿಗ್ರಾಂ ದಾಟಿದರೆ ಕೇಸು, ಮೊದಲ ಸಲವೇ 10,000 ರೂಪಾಯಿ ದಂಡ. ಒಂದೇ ಗ್ಲಾಸ್ ಅಲ್ವಾ ಅಂತ ಗಾಡಿ ಹತ್ತಿದವನ ಗತಿ ಏನು? ನಾವು ಆಟೋದಲ್ಲಿ ಹೋಗಿದ್ದೆವು.

"ಹೋದ ಭಾನುವಾರ ಹಾಕಿದ್ದು ಸರ್, ಫ್ರೆಶ್" ಅಂತಲೂ ಅವನು ಹೆಮ್ಮೆಯಿಂದ ಹೇಳಿದ. ಈಗ ಯೋಚಿಸಿದರೆ ಇಡೀ ಕಥೆ ಆ ಮಾತಿನಲ್ಲೇ ಇದೆ. ಅದು ಹುದುಗಿ ಮುಗಿದೇ ಇರಲಿಲ್ಲ. ಯೀಸ್ಟ್ ತಣ್ಣಗಿನ ಪೀಪಾಯಿಯಲ್ಲಿ ಸುಮ್ನೆ ಮಲಗಿತ್ತು, ತಿನ್ನಲು ಸಕ್ಕರೆ ಇನ್ನೂ ಬೇಕಾದಷ್ಟು ಇತ್ತು. ಸರಿಯಾಗಿ ಮಾಡುವವರು ಸಕ್ಕರೆ ಪೂರ್ತಿ ಹುದುಗುವ ತನಕ ಕಾಯುತ್ತಾರೆ. ಸಿಹಿ ಉಳಿಸಬೇಕು ಅಂದರೆ ಬಿಸಿ ಮಾಡಿ ಯೀಸ್ಟ್ ಸಾಯಿಸುತ್ತಾರೆ, ಇಲ್ಲವೇ ಅದು ಮತ್ತೆ ಬೆಳೆಯದ ಹಾಗೆ ಸಲ್ಫೈಟ್, ಸಾರ್ಬೇಟ್ ಹಾಕುತ್ತಾರೆ. ಇಲ್ಲಿ ಏನೂ ಮಾಡಿದ ಹಾಗೆ ಕಾಣಲಿಲ್ಲ.

ಲೆಕ್ಕ ನೋಡಿ. ಒಂದು ಲೀಟರಿನಲ್ಲಿ ಬರೀ 4 ಗ್ರಾಂ ಸಕ್ಕರೆ, ಅಂದರೆ ಒಂದು ಟೀ ಚಮಚ, ಹುದುಗಿದರೆ ಸುಮಾರು ಒಂದು ಲೀಟರ್ ಗ್ಯಾಸ್ ಹುಟ್ಟುತ್ತದೆ. ಬಿಯರಿನಲ್ಲಿ ಇರುವುದೇ ಲೀಟರಿಗೆ ಎರಡೂವರೆ ಲೀಟರ್ ಆಸುಪಾಸು. ಟ್ಯಾಪ್‌ನಿಂದ ಬಂದ ಮೀಡ್‌ನಲ್ಲಿ ಮೊದಲೇ ಗ್ಯಾಸ್ ತುಂಬಿರುತ್ತದೆ. ಅದರ ಮೇಲೆ ಇನ್ನೂ ಮೂರು ನಾಲ್ಕು ಚಮಚ ಹುದುಗಿತು ಅಂದರೆ ಷೋಕಿ ಬಾಟಲಿ ಹೇಗೆ ತಡೆಯುತ್ತೆ?

ತಡೆಯಲಿಲ್ಲ. ತಂದ ಎರಡು ಬಾಟಲಿಗಳನ್ನು ಅಡುಗೆಮನೆಯ ಕಟ್ಟೆ ಮೇಲೆ ಇಟ್ಟಿದ್ದೆವು. ಫ್ರಿಜ್‌ನಲ್ಲೇ ಇಡಿ ಅಂತ ಯಾರೂ ಹೇಳಲಿಲ್ಲ, ಬಾಟಲಿ ಮೇಲೆ ಲೇಬಲ್ಲೂ ಇರಲಿಲ್ಲ. ಏಪ್ರಿಲ್ ಸೆಕೆ ಗೊತ್ತಲ್ಲ. ಮಾರನೇ ದಿನ ರಾತ್ರಿ ಊಟ ಮುಗಿಸಿ ಎದ್ದಿದ್ದೆವು, ಢಮ್ ಅಂತ ಸದ್ದು. ಸಿಲಿಂಡರ್ ಹೋಯಿತು ಅಂದುಕೊಂಡು ನನ್ನ ಹೆಂಡತಿ ಮಗುವನ್ನು ಎತ್ತಿಕೊಂಡು ಬೀದಿಗೆ ಓಡಿದಳು. ಒಳಗೆ ನೋಡಿದರೆ ಬಾಟಲಿಯ ಕುತ್ತಿಗೆ ಕ್ಲಿಪ್ ಸಮೇತ ಸಿಂಕ್‌ನಲ್ಲಿ ಬಿದ್ದಿತ್ತು. ಒಂದು ಚೂರು ಪ್ಲಾಸ್ಟಿಕ್ ಅಕ್ಕಿ ಡಬ್ಬಕ್ಕೆ ಬೆರಳಿನಷ್ಟು ಆಳ ನಾಟಿತ್ತು. ಆ ಅಕ್ಕಿ ಪೂರ್ತಿ ಎಸೆದೆವು. ಬೆಳಗ್ಗೆ ಗೋಡೆ ತುಂಬ ಇರುವೆ ಸಾಲು. ಎಷ್ಟು ಸಕ್ಕರೆ ಉಳಿದಿತ್ತು ಅನ್ನುವುದಕ್ಕೆ ಬೇರೆ ಲ್ಯಾಬ್ ರಿಪೋರ್ಟ್ ಬೇಕಿರಲಿಲ್ಲ.

ಫೋನ್ ಮಾಡಿದರೆ, "ನೀವು ಫ್ರಿಜ್‌ನಲ್ಲಿ ಇಡಬೇಕಿತ್ತು ಸರ್, ಮುಂದಿನ ಸಲ ಬಂದಾಗ ಎರಡು ಗ್ಲಾಸ್ ಫ್ರೀ ಕೊಡ್ತೀವಿ." ಕ್ಷಮಿಸಿ ಅನ್ನುವ ಒಂದು ಮಾತು ಕೂಡ ಬರಲಿಲ್ಲ. ಬಿಲ್ ತೆಗೆದು ನೋಡಿದೆ. "ಹನಿ ಡ್ರಿಂಕ್" ಅಂತ ಬರೆದಿದೆ, ಎಫ್‌ಎಸ್‌ಎಸ್‌ಎಐ ನಂಬರ್ ಇಲ್ಲ. 14 ಅಂಕಿಯ ಆ ನಂಬರ್ ಬಿಲ್ ಮೇಲೆ ಇರಲೇಬೇಕು ಅನ್ನುವುದು 2022ರ ಜನವರಿಯಿಂದ ಕಡ್ಡಾಯ. ಬಿಲ್ಲಿನ ಪ್ರತಿ ಇಟ್ಟು ಅಬಕಾರಿ ಕಚೇರಿಗೂ ಆಹಾರ ಸುರಕ್ಷತೆಯವರಿಗೂ ಬರೆದುಕೊಟ್ಟಿದ್ದೇನೆ. ಗ್ರಾಹಕರ ಸಹಾಯವಾಣಿ 1915, ಅಲ್ಲೂ ಹೇಳಬಹುದು.

ಹೋಗಲೇಬೇಕು ಅನ್ನುವವರು ಹೋಗಿ. ಮೊದಲು ಗೋಡೆ ಮೇಲೆ ಲೈಸೆನ್ಸ್ ಇದೆಯಾ ನೋಡಿ. ಯಾವತ್ತು ಹಾಕಿದ್ದು, ಎಷ್ಟು ಪರ್ಸೆಂಟ್, ಈ ಎರಡಕ್ಕೆ ನೇರ ಉತ್ತರ ಬರದಿದ್ದರೆ ನೀರು ಕುಡಿದು ಎದ್ದು ಬನ್ನಿ. ಪಾರ್ಸಲ್ ಮಾತ್ರ ಬೇಡವೇ ಬೇಡ.

ಈಗಾಗಲೇ ತಂದು ಹೊರಗಿಟ್ಟಿದ್ದರೆ ಆ ಬಾಟಲಿಯನ್ನು ಅಲ್ಲಾಡಿಸಬೇಡಿ, ಕ್ಲಿಪ್ ಬಿಚ್ಚಲು ಹೋಗಬೇಡಿ. ಮಕ್ಕಳನ್ನು ದೂರ ಕಳಿಸಿ. ನಾನು ಎರಡನೇ ಬಾಟಲಿಗೆ ತಲೆಗೆ ಹೆಲ್ಮೆಟ್ ಹಾಕಿ, ವೈಸರ್ ಇಳಿಸಿ, ದಪ್ಪ ಒದ್ದೆ ಗೋಣಿಚೀಲ ಸುತ್ತಿ, ಬಕೆಟ್‌ನೊಳಗೆ ಇಳಿಸಿದೆ. ಸುತ್ತ ಐಸ್ ತುಂಬಿ ರಾತ್ರಿಯಿಡೀ ಬಿಟ್ಟೆ. ತಣ್ಣಗಾದರೆ ಒತ್ತಡ ಇಳಿಯುತ್ತದೆ. ಬೆಳಗ್ಗೆ ಗೋಣಿಚೀಲದ ಮೇಲಿನಿಂದಲೇ ಕ್ಲಿಪ್ ಸಡಿಲಿಸಿದೆ. ಆಗಲೂ ಅರ್ಧ ಬಾಟಲಿ ನೊರೆಯಾಗಿ ಉಕ್ಕಿ ಬಂತು, ಉಳಿದದ್ದನ್ನು ಮೋರಿಗೆ ಸುರಿದೆ.