ದೊಡ್ಡ ಫ್ಲೈಯಿಂಗ್ ವಿಂಗ್ ಜೆಟ್‌ಗೆ ಇಡಿಎಫ್ಫೋ, ಟರ್ಬೈನೋ?

ರಿಮೋಟ್‌ನಿಂದ ಹಾರಿಸುವ ಮಾದರಿ ವಿಮಾನದ ಮಾತಿದು. ಫ್ಲೈಯಿಂಗ್ ವಿಂಗ್ ಅಂದರೆ ಬಾಲವಿಲ್ಲದ, ಬರೀ ರೆಕ್ಕೆಯಂಥ ವಿಮಾನ. ಇಡಿಎಫ್ ಅಂದರೆ ಕೊಳವೆಯೊಳಗೆ ವಿದ್ಯುತ್ ಮೋಟಾರ್‌ನಿಂದ ತಿರುಗುವ ಫ್ಯಾನ್; ಟರ್ಬೈನ್ ಅಂದರೆ ಸೀಮೆಎಣ್ಣೆ ಉರಿಸುವ ಪುಟ್ಟ ಜೆಟ್ ಎಂಜಿನ್. ಮೊದಲು ದುಡ್ಡಿನ ಮಾತು. ಟರ್ಬೈನ್ ಲಕ್ಷ ದಾಟುತ್ತದೆ. ಇಡಿಎಫ್ ಅಗ್ಗ, ಆದರೆ 12 ಸೆಲ್‌ನ ಲೈಪೊ (ಲಿಥಿಯಂ ಪಾಲಿಮರ್) ಬ್ಯಾಟರಿ ಆಗಾಗ ಬದಲಿಸಬೇಕು. ಹಾರಾಟವೂ ನಾಲ್ಕೈದು ನಿಮಿಷ ಅಷ್ಟೇ; ಟರ್ಬೈನ್ ಜಾಸ್ತಿ ಹೊತ್ತು ಹಾರುತ್ತದೆ.

ನನಗೆ ಮುಖ್ಯ ಅನಿಸುವುದು ಥ್ರಾಟಲ್, ಅಂದರೆ ಶಕ್ತಿ ಏರಿಸಿ ಇಳಿಸುವ ಕಡ್ಡಿ. ಥ್ರಾಟಲ್ ಕೊಟ್ಟ ತಕ್ಷಣ ಇಡಿಎಫ್ ಎಳೆಯುತ್ತದೆ. ಟರ್ಬೈನ್ ಐಡಲ್‌ನಿಂದ (ಕನಿಷ್ಠ ವೇಗದಿಂದ) ಏರಲು ಕೆಲವು ಸೆಕೆಂಡು ಬೇಕು. ಇಳಿಸುವಾಗ ತಡವಾಗಿ ಕೊಟ್ಟಿರೋ, ಕೆಟ್ಟಿರಿ!

ಬಾಲವಿಲ್ಲದ ವಿಮಾನಕ್ಕೆ ತೂಕದ ಹದವೇ ಪ್ರಾಣ. ಟರ್ಬೈನ್‌ನ ಸೀಮೆಎಣ್ಣೆ ಟ್ಯಾಂಕ್ ತೂಕ ಸಮವಾಗುವ ಬಿಂದುವಿನ ಮೇಲಿಲ್ಲದಿದ್ದರೆ, ಎಣ್ಣೆ ಖಾಲಿಯಾದಂತೆ ಹದ ಜರುಗುತ್ತದೆ. ಬ್ಯಾಟರಿಗೆ ಆ ತಲೆನೋವಿಲ್ಲ, ಅಲ್ವಾ?

ಹಾರಿಸದಿರುವಾಗ ಲೈಪೊವನ್ನು ಸೆಲ್‌ಗೆ ಸುಮಾರು 3.8 ವೋಲ್ಟ್‌ನಲ್ಲಿ ಎತ್ತಿಡಬೇಕು. ಟರ್ಬೈನ್‌ಗೆ ಫಿಲ್ಟರ್, ಬೇರಿಂಗ್ ಸರ್ವಿಸ್, ಪಕ್ಕದಲ್ಲಿ ಬೆಂಕಿ ಆರಿಸುವ ಸಿಲಿಂಡರ್ ಬೇಕು.

ಮೊದಲ ಜೆಟ್ ಆದರೆ ಇಡಿಎಫ್. ಉದ್ದ ರನ್‌ವೇ, ಜೊತೆಗೊಬ್ಬ ಅನುಭವಿ ಇದ್ದರೆ ಟರ್ಬೈನ್.