ಹಾವಿನ ಇಂಜೆಕ್ಷನ್ ಆದಮೇಲೆ ಜ್ವರ, ಗಂಟುನೋವು ಬಂತಾ? ‘ವೈರಲ್’ ಅಂದರೆ ಒಪ್ಪಬೇಡಿ

ತೋಟದಲ್ಲಿ ಅಡಿಕೆ ಹಾಳೆ ಹೆಕ್ಕುವಾಗ ಅಮ್ಮನಿಗೆ ಕೊಳಕುಮಂಡಲ ಕಚ್ಚಿತು. ಗಂಟೆಯೊಳಗೆ ಆಸ್ಪತ್ರೆ ಮುಟ್ಟಿಸಿದೆವು, ಎಎಸ್‌ವಿ, ಅಂದರೆ ಹಾವಿನ ವಿಷ ಇಳಿಸುವ ಇಂಜೆಕ್ಷನ್, 20 ವಯಲ್ (ಸಣ್ಣ ಸೀಸೆ) ಹೋಯಿತು, ಅಮ್ಮ ಉಳಿದಳು. ಅಷ್ಟಕ್ಕೆ ಆ ಆಸ್ಪತ್ರೆಗೆ ಕೈಮುಗಿಯುತ್ತೇನೆ. ಸಿಟ್ಟು ಆಮೇಲಿನದ್ದು.

ಇಂಜೆಕ್ಷನ್ ಆದ 9ನೇ ದಿನ ಜ್ವರ. ಮೈಯೆಲ್ಲ ಪಿತ್ತಗಂಧೆ. ಮಣಿಕಟ್ಟು, ಮೊಣಕಾಲು ಊದಿ ಲೋಟ ಹಿಡಿಯಲೂ ಆಗದು. ಊರವರದ್ದು ಶುರುವಾಯಿತು: ನಂಜು ಏರಿದೆ, ಆಶ್ಲೇಷಬಲಿ ಮಾಡಿಸಿ. ಎರಡು ದಿನ ಪಥ್ಯ ಅಂತ ಬರೀ ಗಂಜಿ ಕುಡಿಸಿದೆವು. ಓದಿದವನು ನಾನೂ ಹೂಂ ಅಂದೆ, ಹೇಳಲು ನಾಚಿಕೆ.

ಮತ್ತೆ ಅದೇ ಆಸ್ಪತ್ರೆ. ಡ್ಯೂಟಿ ಡಾಕ್ಟರ್ ಮುಖ ಎತ್ತದೆ, “ವೈರಲ್. ಚಿಕುನ್‌ಗುನ್ಯಾ ಇರಬಹುದು” ಅಂದರು.

“ಹಾವಿನ ಇಂಜೆಕ್ಷನ್‌ದೇನಾದರೂ...?”

“ಅದೇ ಬೇರೆ, ಇದೇ ಬೇರೆ. ಗೂಗಲ್ ನೋಡ್ಕೊಂಡು ಬಂದ್ರಾ?”

ಅವರದೇ ಡಿಸ್ಚಾರ್ಜ್ ಫೈಲು ಅವರ ಮೊಣಕೈ ಕೆಳಗಿತ್ತು. ತೆರೆಯಲಿಲ್ಲ. ಡೆಂಗಿ, ಚಿಕುನ್‌ಗುನ್ಯಾ, ಇಲಿಜ್ವರ, ಎಲ್ಲಾ ಟೆಸ್ಟು, ಎಲ್ಲಾ ನೆಗೆಟಿವ್. ಎರಡು ದಿನ ಅಡ್ಮಿಟ್, 11,000 ಚಿಲ್ಲರೆ ಬಿಲ್ಲು.

ಕೊನೆಗೆ ಸರ್ಕಾರಿ ಆಸ್ಪತ್ರೆಯ ಡಾಕ್ಟರು ಫೈಲು ತೆರೆದರು, ಬೆರಳು ಮಡಚಿ ದಿನ ಎಣಿಸಿದರು, ಅಷ್ಟೇ. “ಸೀರಮ್ ಸಿಕ್‌ನೆಸ್ ಇದು.” ನಾನು ಪೆದ್ದನಾದದ್ದು ಆ ಕ್ಷಣಕ್ಕೆ ಗೊತ್ತಾಯಿತು. ಎಎಸ್‌ವಿ ಕುದುರೆ ರಕ್ತದಿಂದ ತೆಗೆಯುವ ಮದ್ದು. ಕುದುರೆ ಪ್ರೋಟೀನಿಗೆ ನಮ್ಮ ದೇಹ ಒಂದೆರಡು ವಾರದಲ್ಲಿ ಪ್ರತಿಕಾಯ (ಆಂಟಿಬಾಡಿ) ಕಟ್ಟುತ್ತದೆ, ಎರಡೂ ಅಂಟಿಕೊಂಡು ಕೀಲಲ್ಲಿ, ಚರ್ಮದಲ್ಲಿ ಕೂರುತ್ತವೆ. ಆಮೇಲೆ ನಮ್ಮದೇ ರಕ್ಷಣಾಪಡೆ ನಮ್ಮ ಕೀಲನ್ನೇ ಸುಡುತ್ತದೆ. ಪಿರ್ಕೆ ಮತ್ತು ಶಿಕ್ ಅನ್ನುವ ಡಾಕ್ಟರುಗಳು ಇದನ್ನು ವಿವರಿಸಿ ಪುಸ್ತಕ ಬರೆದದ್ದು 1905ರಲ್ಲಿ. 1905! ನಮ್ಮ ಡ್ಯೂಟಿ ಡಾಕ್ಟರಿಗೆ ಇನ್ನೂ ಸುದ್ದಿ ಮುಟ್ಟಿಲ್ಲ. ಪ್ರೆಡ್ನಿಸೋಲೋನ್ ಅನ್ನುವ ಸ್ಟೀರಾಯ್ಡ್ ಮದ್ದು ಶುರುಮಾಡಿದ ಮೂರನೇ ದಿನಕ್ಕೆ ಅಮ್ಮ ತಾನೇ ಎದ್ದು ಬಚ್ಚಲಿಗೆ ಹೋದಳು.

ಹಳೇ ಆಸ್ಪತ್ರೆಗೆ ಹೋಗಿ ಕೇಳಿದೆ, ಮನೆಗೆ ಕಳಿಸುವಾಗ ಒಂದು ಮಾತು ಹೇಳಬಾರದಿತ್ತಾ? “ಎಲ್ಲರಿಗೂ ಬರಲ್ಲ ಸರ್.” ನನ್ನಮ್ಮನಿಗೆ ಬಂತಲ್ಲ? “ಪ್ರಾಣ ಉಳೀತಲ್ಲ, ಇನ್ನೇನು ಬೇಕು?”

ಇದನ್ನು ಓದಿ ಯಾರೂ ಎಎಸ್‌ವಿ ಬೇಡ ಅನ್ನಬೇಡಿ. ಹಾವಿನ ವಿಷಕ್ಕೆ ಅದೇ ಮದ್ದು. ಯಾವ ತಾರೀಕು, ಎಷ್ಟು ವಯಲ್, ಬರೆಸಿಕೊಳ್ಳಿ. ಮೂರು ವಾರ ಕಣ್ಣಿಡಿ. ಜ್ವರ, ಗಂಧೆ, ಗಂಟುನೋವು ಬಂದರೆ ಆ ಚೀಟಿಯನ್ನೇ ಮೊದಲು ಡಾಕ್ಟರ ಮುಂದೆ ಬಿಚ್ಚಿ. ನಾಯಿ ಕಚ್ಚಿದ್ದಕ್ಕೆ ಗಾಯದ ಸುತ್ತ ಚುಚ್ಚುವ ಕುದುರೆ ಸೀರಮ್ಮಿನಿಂದಲೂ ಹೀಗಾಗಬಹುದು. “ಅದೇ ಬೇರೆ, ಇದೇ ಬೇರೆ” ಅಂದರೆ ಎದ್ದು ಬನ್ನಿ.

ಟೆಸ್ಟಿನ ದುಡ್ಡು ವಾಪಸ್ ಕೇಳಿ ಪತ್ರ ಕೊಟ್ಟಿದ್ದೇನೆ. ಮ್ಯಾನೇಜರ್ ಇನ್ನೂ ‘ಮೀಟಿಂಗಿನಲ್ಲಿ’ ಇದ್ದಾರೆ.